ಕಂಠೀರವದಲ್ಲಿ ಗೆದ್ದ ಕಪ್‌ನ ಎಂಟು ಗೋಲುಗಳನ್ನು ಒಮ್ಮೆ ಎಣಿಸಿ ನೋಡಿ

2023ರ ಜುಲೈ 4ರ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಕುವೈತನ್ನು ಶೂಟೌಟ್‌ನಲ್ಲಿ 5-4ರಿಂದ ಸೋಲಿಸಿ ಒಂಬತ್ತನೇ ಸಲ ಸ್ಯಾಫ್ (ದಕ್ಷಿಣ ಏಷ್ಯಾ ದೇಶಗಳ ಫುಟ್‌ಬಾಲ್ ಟೂರ್ನಿ) ಚಾಂಪಿಯನ್ ಆಯಿತು. ನಮ್ಮ ಫುಟ್‌ಬಾಲ್ ತಂಡದ ಬಗ್ಗೆ ಈಗ ಎಲ್ಲಿ ಮಾತು ಶುರುವಾದರೂ ಕೊನೆಗೆ ಆ ರಾತ್ರಿಗೇ ಬಂದು ನಿಲ್ಲುತ್ತದೆ. ಆಗ ಅಷ್ಟು ಚೆನ್ನಾಗಿ ಆಡುತ್ತಿದ್ದವರಿಗೆ ಏನಾಯಿತು ಅಂತ ಒಬ್ಬರು ಕೇಳುತ್ತಾರೆ. ಇನ್ನೊಬ್ಬರು ಆಗಿನ ಕೋಚ್ ಇಗೊರ್ ಸ್ಟಿಮ್ಯಾಕ್ ಹೆಸರೆತ್ತುತ್ತಾರೆ, ಮತ್ತೊಬ್ಬರು ಫೆಡರೇಷನ್ನನ್ನು ಬೈಯುತ್ತಾರೆ. ನನ್ನ ಪ್ರಕಾರ ಆಮೇಲೆ ಹೊಸದಾಗಿ ಕೆಟ್ಟದ್ದು ಕಡಿಮೆ. ಇವತ್ತು ನಮ್ಮನ್ನು ಕಾಡುತ್ತಿರುವ, ಆಟ ಕಟ್ಟಿ ಗೋಲು ಗಳಿಸಲಾಗದ ರೋಗ ಆ ಕಪ್ ಗೆದ್ದ ಐದು ಪಂದ್ಯಗಳಲ್ಲೇ ಇತ್ತು. ಗೆದ್ದ ಸಂಭ್ರಮದಲ್ಲಿ ಕಣ್ಣಿಗೆ ಬೀಳಲಿಲ್ಲ ಅಷ್ಟೆ.

ಐದು ಪಂದ್ಯಗಳಲ್ಲಿ ಭಾರತ ಹೊಡೆದದ್ದು ಎಂಟು ಗೋಲು. ಅದರಲ್ಲಿ ಐದು ಸುನಿಲ್ ಛೆಟ್ರಿಯವರದು. ಉದಾಂತ ಸಿಂಗ್, ನಾವೊರೆಮ್ ಮಹೇಶ್ ಸಿಂಗ್, ಲಾಲಿಯಾಂಜುವಾಲಾ ಛಾಂಗ್ಟೆ ತಲಾ ಒಂದು. ಈಗ ಒಂದೊಂದನ್ನೇ ಬಿಡಿಸಿ ನೋಡೋಣ.

ಪಾಕಿಸ್ತಾನದ ವಿರುದ್ಧದ 4-0 ಕೇಳಲು ದೊಡ್ಡ ಗೆಲುವು. ಆದರೆ ವೀಸಾ ತಡವಾಗಿ ಆ ತಂಡ ಬೆಂಗಳೂರಿಗೆ ಬಂದಿಳಿದದ್ದೇ ಪಂದ್ಯದ ದಿನ. ಮೈದಾನದ ಪರಿಚಯವಿಲ್ಲ, ಸರಿಯಾದ ನಿದ್ದೆಯಿಲ್ಲ, ಮೇಲಿಂದ ಮಳೆ. 10ನೇ ನಿಮಿಷದಲ್ಲಿ ಅವರ ಗೋಲ್‌ಕೀಪರ್ ಹಿಂದಕ್ಕೆ ಬಂದ ಪಾಸನ್ನು ನಿಲ್ಲಿಸಲು ಹೋಗಿ ತಡವರಿಸಿದರು, ಬೆನ್ನುಹತ್ತಿದ್ದ ಛೆಟ್ರಿ ಚೆಂಡು ಕಸಿದು ಗೋಲಿಗೆ ತಳ್ಳಿದರು. 16 ಮತ್ತು 74ನೇ ನಿಮಿಷದ ಗೋಲುಗಳು ಪೆನಾಲ್ಟಿ. 81ನೇ ನಿಮಿಷದಲ್ಲಿ ಅನ್ವರ್ ಅಲಿ ಹಿಂದಿನಿಂದ ಉದ್ದಕ್ಕೆ ಒದ್ದ ಚೆಂಡಿನ ಹಿಂದೆ ಉದಾಂತ ಓಡಿ ಹೊಡೆದರು. ಛೆಟ್ರಿಯವರ ಆ ಮೊದಲ ಗೋಲಿನ ಶ್ರೇಯ ಕಡಿಮೆ ಮಾಡುತ್ತಿಲ್ಲ. ಒದ್ದೆ ಹುಲ್ಲಿನಲ್ಲಿ ಕೀಪರ್ ಕಡೆಗೆ ಓಡುವ ಆ ಅಭ್ಯಾಸವೇ ಒಂದು ವಿದ್ಯೆ, ಎಷ್ಟೋ ಸ್ಟ್ರೈಕರ್‌ಗಳು ಅಲ್ಲಿ ನಿಂತು ನೋಡುತ್ತಾರೆ. ಆದರೂ ನಾಲ್ಕರಲ್ಲಿ ಒಂದೂ ನಾವು ಪಾಸ್ ಮೇಲೆ ಪಾಸ್ ಕಟ್ಟಿ ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸಿನೊಳಗೆ ಹೋಗಿ ಗಳಿಸಿದ್ದಲ್ಲ.

ನೇಪಾಳದ ವಿರುದ್ಧ ಮೊದಲ ಒಂದು ಗಂಟೆ ಗೋಲೇ ಇಲ್ಲ. 61ನೇ ನಿಮಿಷದಲ್ಲಿ ಮಹೇಶ್ ಎಡಗಡೆಯಿಂದ ಕೊಟ್ಟ ಪಾಸನ್ನು ಛೆಟ್ರಿ ಒಳಗೆ ಹಾಕಿದರು. 70ನೇ ನಿಮಿಷದಲ್ಲಿ ಛೆಟ್ರಿ ಹೊಡೆತ ಮೇಲಿನ ಕಂಬಕ್ಕೆ ತಾಗಿ ವಾಪಸ್ ಬಂದಾಗ ಮಹೇಶ್ ಅಲ್ಲಿದ್ದರು. ಗುಂಪಿನ ಕೊನೆಯ ಪಂದ್ಯದಲ್ಲಿ ಕುವೈತ್ ವಿರುದ್ಧ ಅನಿರುದ್ಧ ಥಾಪಾ ಕಾರ್ನರ್ ಕೊಟ್ಟರು, ಛೆಟ್ರಿ ಚೆಂಡು ನೆಲ ಮುಟ್ಟುವ ಮೊದಲೇ ಒದ್ದರು. ಇದು ಮತ್ತೆ ನಿಂತ ಚೆಂಡಿನಿಂದ ಬಂದ ಗೋಲು. ಸೆಮಿಫೈನಲ್‌ನಲ್ಲಿ ಲೆಬನಾನ್ ವಿರುದ್ಧ 120 ನಿಮಿಷ ಸೊನ್ನೆ. ಫೈನಲ್‌ನ 120 ನಿಮಿಷದಲ್ಲಿ ಒಂದು.

ಈ ಟೂರ್ನಿಯಲ್ಲಿ ನಮಗೆ ಸರಿಸಾಟಿಯಾಗಿದ್ದವು ಅತಿಥಿಗಳಾಗಿ ಬಂದ ಕುವೈತ್, ಲೆಬನಾನ್ ಮಾತ್ರ. ಆ ಎರಡು ತಂಡಗಳ ಎದುರು ಒಟ್ಟು 330 ನಿಮಿಷ ಆಡಿ ಭಾರತ ಹೊಡೆದದ್ದು ಎರಡು ಗೋಲು. ಒಂದು ಕಾರ್ನರ್‌ನಿಂದ, ಒಂದು ಆಟದಿಂದ. ಆಟದಿಂದ ಬಂದ ಆ ಒಂದೇ ಒಂದು ಗೋಲನ್ನು ಮತ್ತೆ ಮತ್ತೆ ನೋಡಬೇಕು.

ಫೈನಲ್‌ನ 39ನೇ ನಿಮಿಷ. 14ನೇ ನಿಮಿಷದಲ್ಲೇ ಅಲ್ ಖಾಲ್ದಿ ಹೊಡೆದ ಗೋಲಿನಿಂದ ಕುವೈತ್ ಮುಂದಿದೆ. ಛೆಟ್ರಿ ಗೋಲಿನ ಮುಂದೆ ಕಾದು ನಿಲ್ಲದೆ ಸ್ವಲ್ಪ ಹಿಂದಕ್ಕೆ ಬಂದು ಚೆಂಡು ಕೇಳುತ್ತಾರೆ. ಅವರನ್ನು ಕಾಯುತ್ತಿದ್ದ ಡಿಫೆಂಡರ್‌ಗೆ ಆಗ ಇಕ್ಕಟ್ಟು: ಅವರ ಹಿಂದೆಯೇ ಹೋದರೆ ತನ್ನ ಬೆನ್ನ ಹಿಂದೆ ಜಾಗ ಬಿಡುತ್ತದೆ, ಹೋಗದಿದ್ದರೆ ಛೆಟ್ರಿ ತಿರುಗಿಬಿಡುತ್ತಾರೆ. ಆ ಜಾಗಕ್ಕೆ ಸಹಲ್ ಅಬ್ದುಲ್ ಸಮದ್ ಓಡುತ್ತಾರೆ, ಛೆಟ್ರಿ ಚೆಂಡನ್ನು ಅಲ್ಲಿಗೇ ಬಿಡುತ್ತಾರೆ. ಸಹಲ್ ತಾವೇ ಹೊಡೆಯುವ ಆಸೆಗೆ ಬೀಳದೆ ಅಡ್ಡಕ್ಕೆ ತಳ್ಳುತ್ತಾರೆ. ಛಾಂಗ್ಟೆ ಅಲ್ಲಿಗೆ ಬಂದಿರುತ್ತಾರೆ, ಒಳಗೆ ಹಾಕುತ್ತಾರೆ. ಮೂರು ಜನ, ಮೂರು ಓಟ, ಒಂದೂ ಎತ್ತರದ ಚೆಂಡಿಲ್ಲ. ನಮ್ಮ ಹುಡುಗರಿಗೆ ಈ ಆಟ ಬರುತ್ತದೆ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಆದರೆ 330 ನಿಮಿಷಕ್ಕೆ ಒಂದು ಸಲ ಬಂದರೆ ಸಾಲದು.

ಯಾಕೆ ಹೆಚ್ಚು ಸಲ ಬರುವುದಿಲ್ಲ? ಭಾರತದ ಯಾವುದೇ ಪಂದ್ಯದಲ್ಲಿ ವಿಂಗರ್ (ಬದಿಯಲ್ಲಿ ಆಡುವ ಫಾರ್ವರ್ಡ್) ಚೆಂಡು ಹಿಡಿದು ಗೋಲಿನ ಗೆರೆಯವರೆಗೆ ಹೋದಾಗ ಕಣ್ಣನ್ನು ಚೆಂಡಿನಿಂದ ತೆಗೆದು ಬಾಕ್ಸ್ ಮೇಲೆ ಇಡಿ. ಬಹಳ ಸಲ ಅಲ್ಲಿ ನೀಲಿ ಜೆರ್ಸಿ ಒಂದು, ಹೆಚ್ಚೆಂದರೆ ಎರಡು. ಇಬ್ಬರಿದ್ದರೂ ಇಬ್ಬರೂ ದೂರದ ಕಂಬದ ಕಡೆ ಸರಿದಿರುತ್ತಾರೆ. ವಿಂಗರ್‌ಗೆ ಬೇರೆ ದಾರಿಯಿಲ್ಲದೆ ಚೆಂಡನ್ನು ಎತ್ತಿ ಹಾಕುತ್ತಾರೆ. ಪಶ್ಚಿಮ ಏಷ್ಯಾದ ಎತ್ತರದ ಸೆಂಟರ್‌ಬ್ಯಾಕ್‌ಗಳಿಗೆ (ನಡುವಿನ ಡಿಫೆಂಡರ್‌ಗಳು) ಎದುರಿನಿಂದ ತೇಲಿ ಬರುವ ಚೆಂಡನ್ನು ತಲೆಯಿಂದ ಹೊಡೆದು ಹೊರಹಾಕುವುದು ದಿನನಿತ್ಯದ ಕೆಲಸ.

ಬಾಕ್ಸಿನೊಳಗೆ ತುಂಬಬೇಕಾದ ಜಾಗ ಮೂರು: ಹತ್ತಿರದ ಕಂಬ, ದೂರದ ಕಂಬ, ಪೆನಾಲ್ಟಿ ಚುಕ್ಕೆಯ ಆಸುಪಾಸು. ನಾಲ್ಕನೆಯವರು ಬಾಕ್ಸಿನ ಅಂಚಿನಲ್ಲಿ, ಹೊರಗೆ ಚಿಮ್ಮುವ ಚೆಂಡಿಗೆ. ಹತ್ತಿರದ ಕಂಬಕ್ಕೆ ಓಡುವವರಿಗೆ ಚೆಂಡು ಸಿಗುವುದು ಅಪರೂಪ. ಅವರ ಕೆಲಸ ಒಬ್ಬ ಡಿಫೆಂಡರನ್ನು ಎಳೆದುಕೊಂಡು ಹೋಗುವುದು. ಆಗ ಚುಕ್ಕೆಯ ಹತ್ತಿರ ಜಾಗ ತೆರೆಯುತ್ತದೆ, ಗೆರೆಯಿಂದ ನೆಲದ ಮೇಲೆ ಹಿಂದಕ್ಕೆ ಎಳೆದ ಪಾಸ್ ಅಲ್ಲಿಗೆ ಹೋಗಬೇಕು. ಆ ಹೊತ್ತಿಗೆ ಡಿಫೆಂಡರ್‌ಗಳ ಮುಖ ಅವರದೇ ಗೋಲಿನ ಕಡೆ ಇರುತ್ತದೆ. ತಿರುಗಲು ಒಂದು ಹೆಜ್ಜೆ ಬೇಕು, ಆ ಒಂದು ಹೆಜ್ಜೆಯಲ್ಲೇ ಗೋಲು ಆಗುತ್ತದೆ. ಓಡುವವರು ಬೇಗ ಬಂದು ನಿಂತುಬಿಟ್ಟರೆ ಡಿಫೆಂಡರ್ ಮೈಗೆ ಮೈ ತಾಗಿಸಿ ನಿಲ್ಲುತ್ತಾನೆ, ಎಲ್ಲ ಮುಗಿಯಿತು. ಚೆಂಡು ಮತ್ತು ಆಟಗಾರ ಒಟ್ಟಿಗೆ ಬಂದು ಸೇರಬೇಕು.

ನಮ್ಮ ಮಿಡ್‌ಫೀಲ್ಡರ್‌ಗಳು ಬಾಕ್ಸಿಗೆ ಓಡದೇ ಇರುವುದು ಸೋಮಾರಿತನದಿಂದಲ್ಲ. ಚೆಂಡು ಕಳೆದುಕೊಂಡರೆ ಎದುರಾಳಿ ಹಿಂದಿನ ಖಾಲಿ ಮೈದಾನದಲ್ಲಿ ಓಡಿಬಿಡುತ್ತಾರೆ ಅನ್ನುವ ಭಯ. ಅದಕ್ಕೆ ಪರಿಹಾರ ಇದೆ: ಐದು ಜನ ಮುಂದೆ ಹೋದಾಗ ಚೆಂಡಿಲ್ಲದ ಬದಿಯ ಫುಲ್‌ಬ್ಯಾಕ್ (ಬದಿಯ ಡಿಫೆಂಡರ್) ಒಳಗೆ ಸರಿದು ಇಬ್ಬರು ಸೆಂಟರ್‌ಬ್ಯಾಕ್‌ಗಳ ಜೊತೆ ಮೂವರಾಗಬೇಕು, ಅವರ ಮುಂದೆ ಇಬ್ಬರು ಮಿಡ್‌ಫೀಲ್ಡರ್‌ಗಳು ಕಾಯಬೇಕು. ಹೇಳಲು ಸುಲಭ. ಹನ್ನೊಂದು ಜನ ಯೋಚನೆ ಮಾಡದೆ ಹಾಗೆ ನಿಲ್ಲುವಂತಾಗಲು ವಾರಗಟ್ಟಲೆ ಒಟ್ಟಿಗೆ ಅಭ್ಯಾಸ ಬೇಕು.

2023ರ ನಿಜವಾದ ಬಂಡವಾಳ ಇದೇ. ಮೇ ತಿಂಗಳಿಂದಲೇ ಭುವನೇಶ್ವರದಲ್ಲಿ ಶಿಬಿರ, ಅಲ್ಲೇ ಇಂಟರ್‌ಕಾಂಟಿನೆಂಟಲ್ ಕಪ್, ಅದು ಮುಗಿದ ಮೂರನೇ ದಿನಕ್ಕೆ ಬೆಂಗಳೂರಿನಲ್ಲಿ ಸ್ಯಾಫ್. ಲೀಗ್ ಮುಗಿದಿದ್ದ ಕಾಲವಾದ್ದರಿಂದ ಆಟಗಾರರು ಸಿಕ್ಕರು. ಫಲ ಹಿಂಬದಿಯಲ್ಲಿ ಕಾಣಿಸಿತು. ಆ ವರ್ಷ ಇಂಫಾಲದಲ್ಲಿ ಆಡಿದ ಪಂದ್ಯಗಳಿಂದ ಹಿಡಿದು ಸ್ಯಾಫ್‌ನ ನೇಪಾಳ ಪಂದ್ಯದವರೆಗೆ ಎಂಟು ಪಂದ್ಯಗಳಲ್ಲಿ ಭಾರತ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಒಂಬತ್ತನೆಯದರಲ್ಲಿ ಬಿಟ್ಟದ್ದೂ ಕುವೈತ್ ವಿರುದ್ಧ ಗುಂಪಿನ ಪಂದ್ಯದ ಇಂಜುರಿ ಸಮಯದಲ್ಲಿ ಅನ್ವರ್ ಅಲಿ ಕಾಲಿಗೆ ತಾಗಿ ಒಳಗೆ ಹೋದ ಸ್ವಂತ ಗೋಲು. ಕೋಚ್ ಇಲ್ಲದೆಯೂ ಈ ರಕ್ಷಣೆ ನಿಂತಿತು ಅನ್ನುವುದನ್ನು ಮರೆಯಬಾರದು. ಪಾಕಿಸ್ತಾನ ಪಂದ್ಯದಲ್ಲಿ ಥ್ರೋ-ಇನ್‌ಗೆ ಕೈಯಲ್ಲಿ ಹಿಡಿದಿದ್ದ ಚೆಂಡನ್ನು ತಟ್ಟಿ ಬೀಳಿಸಿ ಸ್ಟಿಮ್ಯಾಕ್ ಕೆಂಪು ಕಾರ್ಡ್ ಪಡೆದರು, ಕುವೈತ್ ಎದುರಿನ ಗುಂಪಿನ ಪಂದ್ಯದಲ್ಲಿ ಇನ್ನೊಂದು. ಐದರಲ್ಲಿ ಒಂದೂ ಪಂದ್ಯವನ್ನು ಅವರು ಗೆರೆಯ ಪಕ್ಕ ಪೂರ್ತಿ ನಿಂತು ನೋಡಲಿಲ್ಲ. ನೇಪಾಳ ಪಂದ್ಯ, ಸೆಮಿಫೈನಲ್, ಫೈನಲ್ ಮೂರನ್ನೂ ನಡೆಸಿದವರು ಸಹಾಯಕ ಕೋಚ್ ಮಹೇಶ್ ಗಾವ್ಳಿ. ಅವರಿಗೆ ಸಲ್ಲಬೇಕಾದ ಮೆಚ್ಚುಗೆ ಸಂದಿಲ್ಲ ಅನ್ನುವುದು ನನ್ನ ನೋವು.

ಮತ್ತೆ ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು. 11 ಮೀಟರ್ ದೂರದಿಂದ 7.32 ಮೀಟರ್ ಅಗಲದ ಗೋಲಿಗೆ ಒದೆದ ಚೆಂಡು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಗೆರೆ ಮುಟ್ಟುತ್ತದೆ. ನಿಯಮದ ಪ್ರಕಾರ ಕಾಲು ಚೆಂಡಿಗೆ ತಾಗುವ ಕ್ಷಣದಲ್ಲಿ ಕೀಪರ್‌ನ ಒಂದು ಪಾದದ ಭಾಗವಾದರೂ ಗೆರೆಯ ಮೇಲೆ, ಅದರ ನೇರಕ್ಕೆ ಅಥವಾ ಅದರ ಹಿಂದೆ ಇರಲೇಬೇಕು, ಮೊದಲೇ ಮುಂದಕ್ಕೆ ಹಾರುವಂತಿಲ್ಲ. ಈ ನಿಯಮದಲ್ಲಿ ಉದ್ದ ಕೈಕಾಲಿನ ಕೀಪರ್‌ಗೆ ಲಾಭ: ಇತರರಿಗಿಂತ ಸ್ವಲ್ಪ ಹೆಚ್ಚು ಕಾದು, ಒದೆಯುವವನ ಸೊಂಟ, ನೆಲಕ್ಕೆ ಊರಿದ ಕಾಲು ತಿರುಗಿದ ದಿಕ್ಕು ನೋಡಿ ಹಾರಿದರೂ ಮೂಲೆ ಮುಟ್ಟಬಹುದು. ಸೆಮಿಫೈನಲ್‌ನಲ್ಲಿ ಲೆಬನಾನ್ ನಾಯಕ ಹಸನ್ ಮಾತೂಕ್ ಒದ್ದ ಮೊದಲ ಕಿಕ್ಕನ್ನೇ ತಡೆದರು, ಪಂದ್ಯ 4-2ರಲ್ಲಿ ಮುಗಿಯಿತು. ಫೈನಲ್‌ನಲ್ಲಿ ಕುವೈತ್‌ನ ಮೊದಲ ಕಿಕ್ ಮೇಲಿನ ಕಂಬಕ್ಕೆ ಬಡಿಯಿತು, ನಮ್ಮ ನಾಲ್ಕನೇ ಕಿಕ್ ಉದಾಂತ ತಪ್ಪಿಸಿಕೊಂಡರು, ಐದೈದು ಮುಗಿದಾಗ ಸಮ. ಆರನೆಯದನ್ನು ಮಹೇಶ್ ಹಾಕಿದರು, ಖಾಲಿದ್ ಹಾಜಿಯಾ ಒದ್ದದ್ದನ್ನು ಗುರ್‌ಪ್ರೀತ್ ಹಾರಿ ತಡೆದರು. ಪೆನಾಲ್ಟಿ ನಮಗೆ ಯಾವಾಗಲೂ ಒಲಿದದ್ದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಎರಡು ಪೆನಾಲ್ಟಿ ತಪ್ಪಿಸಿಕೊಂಡು 1-2ರಿಂದ ಸೋತೆವು. ಆ ಒಂದು ಗೋಲು ಹೊಡೆದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್.

ಸ್ಯಾಫ್ ಮುಗಿದ ಕೆಲವು ದಿನಕ್ಕೆ ಫಿಫಾ ರ‍್ಯಾಂಕಿಂಗ್‌ನಲ್ಲಿ 99ಕ್ಕೆ ಏರಿದೆವು. ನವೆಂಬರ್‌ನಲ್ಲಿ ಕುವೈತ್ ನೆಲದಲ್ಲೇ ವಿಶ್ವಕಪ್ ಅರ್ಹತಾ ಪಂದ್ಯವನ್ನು 1-0ರಿಂದ ಗೆದ್ದೆವು: ಛಾಂಗ್ಟೆ ಪಾಸ್, ಮನ್ವೀರ್ ಸಿಂಗ್ ಗೋಲು. ಅಲ್ಲಿಂದ ಇಳಿಜಾರು. 2024ರ ಜನವರಿಯ ಏಷ್ಯಾ ಕಪ್‌ಗೆ ತಯಾರಿಗೆ ಸಿಕ್ಕಿದ್ದು ಸುಮಾರು ಎರಡು ವಾರ. ಆಸ್ಟ್ರೇಲಿಯಾ 0-2, ಉಜ್ಬೇಕಿಸ್ತಾನ 0-3, ಸಿರಿಯಾ 0-1. ಮೂರು ಪಂದ್ಯ, ಒಂದೂ ಗೋಲಿಲ್ಲ. 2027ರ ಏಷ್ಯಾ ಕಪ್ ಅರ್ಹತಾ ಸುತ್ತಿನಲ್ಲಿ 2025ರ ಮಾರ್ಚ್‌ನಿಂದ ನವೆಂಬರ್‌ವರೆಗೆ ಬಾಂಗ್ಲಾದೇಶ, ಹಾಂಗ್‌ಕಾಂಗ್, ಸಿಂಗಪುರಗಳ ಎದುರು ಐದು ಪಂದ್ಯ ಆಡಿ ಎರಡೇ ಗೋಲು, ಒಂದೂ ಗೆಲುವಿಲ್ಲ. ಢಾಕಾದಲ್ಲಿ ಬಾಂಗ್ಲಾದೇಶಕ್ಕೆ 0-1ರಿಂದ ಸೋತದ್ದು 22 ವರ್ಷಗಳಲ್ಲಿ ಮೊದಲು.

ನಡುವೆ ಒಂದು ಒಳ್ಳೆಯ ಸುದ್ದಿ ಬಂತು. 2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ತಜಿಕಿಸ್ತಾನ, ಉಜ್ಬೇಕಿಸ್ತಾನಗಳಲ್ಲಿ ನಡೆದ ಕಾಫಾ (ಮಧ್ಯ ಏಷ್ಯಾ ಫುಟ್‌ಬಾಲ್ ಸಂಸ್ಥೆ) ನೇಷನ್ಸ್ ಕಪ್‌ನಲ್ಲಿ ಕೋಚ್ ಖಾಲಿದ್ ಜಮೀಲ್ ತಂಡ ಮೂರನೇ ಸ್ಥಾನ ಪಡೆಯಿತು. ಛೆಟ್ರಿ ಇರಲಿಲ್ಲ, ಒಂದು ದೊಡ್ಡ ಕ್ಲಬ್ ತನ್ನ ಆಟಗಾರರನ್ನು ಬಿಟ್ಟುಕೊಟ್ಟಿರಲಿಲ್ಲ. ಅಲ್ಲೂ ಅದೇ ಲೆಕ್ಕ ಹಾಕಿ. ತಜಿಕಿಸ್ತಾನವನ್ನು 2-1ರಿಂದ ಸೋಲಿಸಿದಾಗ ಗೋಲು ಹೊಡೆದವರು ಅನ್ವರ್ ಅಲಿ, ಸಂದೇಶ್ ಜಿಂಗಾನ್. ಇಬ್ಬರೂ ಸೆಂಟರ್‌ಬ್ಯಾಕ್‌ಗಳು. ಮೊದಲನೆಯದಕ್ಕೆ ದಾರಿ ಮಾಡಿದ್ದು ಮೊಹಮ್ಮದ್ ಉವೈಸ್ ಅವರ ಉದ್ದನೆಯ ಥ್ರೋ-ಇನ್. ಒಮಾನ್ ವಿರುದ್ಧ ಉದಾಂತ 80ನೇ ನಿಮಿಷದಲ್ಲಿ ಸಮ ಮಾಡಿದರು, ಶೂಟೌಟ್‌ನಲ್ಲಿ ಮತ್ತೆ ಗುರ್‌ಪ್ರೀತ್. ಥ್ರೋ, ಕಾರ್ನರ್, ಕೀಪರ್: ಇವು ಮೂರೂ ನಿಜವಾದ ಶಕ್ತಿ, ಅವನ್ನು ಇನ್ನೂ ಚೂಪು ಮಾಡಬೇಕು. ಆದರೆ ಇವುಗಳ ಮೇಲೆ ಒಂದು ಟೂರ್ನಿ ಗೆಲ್ಲಬಹುದು, ವರ್ಷವಿಡೀ ನಡೆಯುವ ಅರ್ಹತಾ ಸುತ್ತು ದಾಟಲಾಗದು.

ಇನ್ನು ಮೂಲದ ಮಾತು. ದೇಶದ ಮುಖ್ಯ ಕ್ಲಬ್ ಲೀಗ್ ಆದ ಐಎಸ್‌ಎಲ್‌ನ 2024-25ರ ಋತುವಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಮೊರಾಕ್ಕೊದ ಅಲಾಯಿದ್ದೀನ್ ಅಜಾರೈ, 23. ಭಾರತೀಯರಲ್ಲಿ ಮೊದಲಿಗರು 14 ಗೋಲಿನ ಸುನಿಲ್ ಛೆಟ್ರಿ, ನಲವತ್ತರ ವಯಸ್ಸಿನಲ್ಲಿ. ಮೈದಾನದಲ್ಲಿ ಏಕಕಾಲಕ್ಕೆ ನಾಲ್ವರು ವಿದೇಶಿಗಳಿಗೆ ಅವಕಾಶವಿದ್ದಾಗ ಯಾವ ಕೋಚ್ ಆದರೂ ಒಬ್ಬರನ್ನು ಮುಂಚೂಣಿಯ ನಡುವೆ ಇಡುತ್ತಾರೆ. ಅವರ ನೌಕರಿಯೂ ಗೋಲಿನ ಮೇಲೇ ನಿಂತಿದೆ, ತಪ್ಪು ಹೇಳುವಂತಿಲ್ಲ. ಹದಿನೆಂಟರ ಹುಡುಗ ಸ್ಟ್ರೈಕರ್ ಆಗಿ ಕ್ಲಬ್ಬಿಗೆ ಬರುತ್ತಾನೆ, ಇಪ್ಪತ್ತೊಂದಕ್ಕೆ ವಿಂಗರ್ ಆಗಿರುತ್ತಾನೆ. ಅದಕ್ಕೇ ನಮ್ಮಲ್ಲಿ ವೇಗದ ವಿಂಗರ್‌ಗಳ ಸಾಲೇ ಇದೆ, ಅವರ ಪಾಸ್‌ಗೆ ಕಾಲು ಕೊಡುವವರಿಲ್ಲ. ಕುವೈತ್‌ನಲ್ಲಿ ಆ ಗೋಲು ಹೊಡೆದ ಮನ್ವೀರ್ ಕೂಡ ಕ್ಲಬ್‌ನಲ್ಲಿ ಹೆಚ್ಚಾಗಿ ಆಡುವುದು ಬಲಬದಿಯಲ್ಲಿ.

ವಿದೇಶಿಗಳನ್ನು ಓಡಿಸಿ ಅನ್ನುವವರ ಜೊತೆ ನಾನಿಲ್ಲ, ಅವರ ಜೊತೆ ಆಡಿಯೇ ನಮ್ಮ ಡಿಫೆಂಡರ್‌ಗಳು ಗಟ್ಟಿಯಾದರು. ನಾನು ಕೇಳುವುದು ಇಷ್ಟು: ಲೀಗ್ ಜೊತೆ ನಡೆಯುವ ಕಪ್ ಟೂರ್ನಿಗಳಲ್ಲಿ ವಿದೇಶಿ ಫಾರ್ವರ್ಡ್‌ಗೆ ಅವಕಾಶ ಬೇಡ. ರಾಷ್ಟ್ರೀಯ ತಂಡ ಸೇರುವ ಮೊದಲ ದಿನವೇ ಮೂವರು ಸ್ಟ್ರೈಕರ್‌ಗಳನ್ನು ಬೇರೆ ಮಾಡಿ, ಗೆರೆಯಿಂದ ಹಿಂದಕ್ಕೆ ಬರುವ ಪಾಸ್‌ಗೆ ಒಂದೇ ಸ್ಪರ್ಶದಲ್ಲಿ ಹೊಡೆಯುವುದನ್ನು ದಿನಕ್ಕೆ ಐವತ್ತು ಸಲವಾದರೂ ಮಾಡಿಸಿ. ಮತ್ತು ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯನ್ನು ಕಣ್ಣಿಟ್ಟು ನೋಡಿ. ಅಲ್ಲಿ ವಿದೇಶಿಗಳಿಲ್ಲ, ಪ್ರತಿ ತಂಡದ ನಡು ಫಾರ್ವರ್ಡ್ ನಮ್ಮವನೇ. ಸ್ಯಾಫ್ ಗೆದ್ದ ಅದೇ 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಮೇಲೆ ಆ ಟ್ರೋಫಿ ತಂದಿತು. ಒಂದೇ ಫೈನಲ್‌ನಲ್ಲಿ ಐದು ಗೋಲು, ಐದೂ ಭಾರತೀಯರ ಕಾಲಿನಿಂದ. ರಾಷ್ಟ್ರೀಯ ಶಿಬಿರಕ್ಕೆ ಆಟಗಾರರನ್ನು ಆರಿಸುವವರು ಆ ಮೈದಾನಗಳ ಕಡೆ ಇನ್ನೂ ಸಾಕಷ್ಟು ಬಂದಿಲ್ಲ.