ಸರ್ಟಿಫಿಕೇಟಿನ ಇಂಟರ್ನ್‌ಶಿಪ್ಪು, ಸೈಟಿನ ಇಂಟರ್ನ್‌ಶಿಪ್ಪು

ಕಳೆದ ತಿಂಗಳು ಪರಿಚಯದವರೊಬ್ಬರು ತಮ್ಮ ಮಗನಿಗೆ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಕೊಡಬೇಕೆಂದು ಕೇಳಿಕೊಂಡು ನಮ್ಮ ಕಚೇರಿಗೆ ಬಂದಿದ್ದರು. ಇಂಟರ್ನ್‌ಶಿಪ್ಪಿಗೆ ಸೇರಿಸಿಕೊಳ್ಳಿ ಎಂದು ಅವರು ಕೇಳಲಿಲ್ಲ ಎಂಬುದನ್ನು ಗಮನಿಸಬೇಕು. ಹುಡುಗ ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ, ಜೊತೆಗೆ ಸರ್ಕಾರಿ ನೌಕರಿಯ ಪರೀಕ್ಷೆಗೆಂದು ಕೋಚಿಂಗ್‌ಗೆ ಹೋಗುತ್ತಿದ್ದಾನೆ, ಬಿಸಿಲಲ್ಲಿ ಕಟ್ಟಡ ಕಟ್ಟುವ ಸೈಟಿಗೆ ಅಲೆಯಲು ಅವನಿಗೆ ಪುರುಸೊತ್ತಿಲ್ಲ, ಆದ್ದರಿಂದ 'ನಿಮ್ಮ ಲೆಟರ್‌ಹೆಡ್‌ನಲ್ಲಿ ಒಂದು ಸೀಲು ಹಾಕಿ ಕೊಟ್ಟುಬಿಡಿ ಸಾರ್' ಎಂಬುದು ಅವರ ಕೋರಿಕೆಯಾಗಿತ್ತು. ನಾನು ಕೊಡಲಿಲ್ಲ. ಅವರು ಮುಖ ಸಣ್ಣದು ಮಾಡಿಕೊಂಡು ಹೋದರು, ಎರಡೇ ದಿನದಲ್ಲಿ ಬೇರೆಲ್ಲೋ ಸೀಲು ಸಿಕ್ಕಿತೆಂದೂ ಆಮೇಲೆ ತಿಳಿಯಿತು. ಇಪ್ಪತ್ತು ವರ್ಷಕ್ಕೂ ಮೀರಿ ಕಟ್ಟಡದ ಕೆಲಸದಲ್ಲೇ ಇರುವ ನಾನು ಈ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕೆಂದುಕೊಂಡದ್ದು ಆ ದಿನವೇ.

2001ರ ಬೇಸಿಗೆಯಲ್ಲಿ, ಡಿಪ್ಲೊಮಾ ಎರಡನೇ ವರ್ಷ ಮುಗಿಸಿದ್ದ ನಾನು ದಾವಣಗೆರೆಯ ಹೊರವಲಯದಲ್ಲಿ ಏಳುತ್ತಿದ್ದ ಮೂರಂತಸ್ತಿನ ಒಂದು ಹಾಸ್ಟೆಲ್ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದೆ. ಇಂಟರ್ನ್‌ಶಿಪ್ ಎಂಬ ಮಾತು ಆಗ ನಮ್ಮ ಬಾಯಲ್ಲಿರಲಿಲ್ಲ, 'ಟ್ರೈನಿಂಗ್' ಎನ್ನುತ್ತಿದ್ದೆವು. ಮೂರನೇ ದಿನವೋ ನಾಲ್ಕನೇ ದಿನವೋ, ಕಂಬಿ ಕಟ್ಟುವ ತಂಡದ ಹಿರಿಯ ಮೇಸ್ತ್ರಿ ನನ್ನನ್ನು ಒಂದು ಕಾಲಂ (ಕಂಬ) ಬಳಿ ಕರೆದು, 'ಬಾರಪ್ಪಾ ಎಂಜಿನಿಯರು, ಇದರಾಗೆ ತಪ್ಪು ಏನೈತಿ ಹೇಳು ನೋಡೋಣ' ಎಂದರು. ನಾನು ಟೇಪು ಹಿಡಿದು ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಒಂದು ರಿಂಗಿನಿಂದ ಇನ್ನೊಂದು ರಿಂಗಿಗೆ ಇರುವ ಅಂತರ ಅಳೆದೆ, ಸರಿಯಿತ್ತು. ಕಂಬಿ ಎಣಿಸಿದೆ, ಸರಿಯಿತ್ತು. ಕಂಬಿಗೂ ಕಾಂಕ್ರೀಟಿನ ಹೊರಮೈಗೂ ಅಂತರ ಕಾಯುವ ಕವರ್ ಬ್ಲಾಕ್ ನೋಡಿದೆ, 40 ಮಿ.ಮೀ. ಇದ್ದೇ ಇತ್ತು. ಅವರು ನಗುತ್ತಾ ಬೆರಳು ತೋರಿಸಿದರು: ಹೊಸದಾಗಿ ಸೇರಿದ್ದ ಹುಡುಗನೊಬ್ಬ ಕಟ್ಟಿದ್ದ ಆ ಕಾಲಮಿನಲ್ಲಿ ಎಲ್ಲ ರಿಂಗುಗಳ ಕೊಕ್ಕೆಯೂ ಒಂದೇ ಮೂಲೆಯಲ್ಲಿ, ಕೆಳಗಿನಿಂದ ಮೇಲಿನವರೆಗೆ ಸಾಲಾಗಿ ಕೂತಿದ್ದವು. ಕೊಕ್ಕೆ ಇರುವ ಮೂಲೆಯೇ ರಿಂಗು ಬಿಚ್ಚಿಕೊಳ್ಳುವ ಮೂಲೆಯಾದ್ದರಿಂದ ಅದನ್ನು ಒಂದೊಂದು ರಿಂಗಿಗೂ ಒಂದೊಂದು ಮೂಲೆಗೆ ತಿರುಗಿಸಿ ಕಟ್ಟಬೇಕು, ತುದಿಯನ್ನು 90 ಡಿಗ್ರಿಗೆ ಬಿಡದೆ 135 ಡಿಗ್ರಿಯವರೆಗೆ ಒಳಕ್ಕೆ ಬಗ್ಗಿಸಬೇಕು. ಹಾಗೆ ಮಾಡಿದರೆ ಭೂಕಂಪದಂಥ ಅಲುಗಾಟದಲ್ಲಿ ಹೊರಗಿನ ಕಾಂಕ್ರೀಟು ಉದುರಿದರೂ ರಿಂಗು ತನ್ನ ಹಿಡಿತ ಬಿಡುವುದಿಲ್ಲ. ಡ್ರಾಯಿಂಗ್ ಶೀಟಿನಲ್ಲಿ ನಾನು ಅದೇ ರಿಂಗನ್ನು ನೀಟಾದ ಒಂದು ಚೌಕವಾಗಿ ಬರೆದು ಒಳ್ಳೆಯ ಅಂಕವನ್ನೇ ಪಡೆದಿದ್ದೆ. ಅದು ಒಂದು ಕಡೆ ಶುರುವಾಗಿ ಇನ್ನೊಂದು ಕಡೆ ಮುಗಿಯಲೇಬೇಕಾದ ಕಂಬಿಯ ತುಂಡು ಎಂಬುದು ಆ ದಿನದವರೆಗೂ ನನಗೆ ಹೊಳೆದಿರಲಿಲ್ಲ.

ಇನ್ನೊಂದು ಪ್ರಸಂಗ ಇತ್ತೀಚಿನದು. ನಮ್ಮ ಒಂದು ಕೆಲಸದಲ್ಲಿ ಎರಡನೇ ಅಂತಸ್ತಿನ ಸ್ಲ್ಯಾಬ್ ಹಾಕುತ್ತಿದ್ದೆವು. ಚಿತ್ರದುರ್ಗದ ಕಡೆಯ ಹಳ್ಳಿಯೊಂದರಿಂದ ಬಂದಿದ್ದ ಇಂಟರ್ನ್ ಹುಡುಗಿಗೆ, ಪ್ಲಾಂಟಿನಲ್ಲಿ ಬೆರೆಸಿದ ಕಾಂಕ್ರೀಟು ತರುವ ಪ್ರತಿ ರೆಡಿಮಿಕ್ಸ್ ಲಾರಿಯ ಚಲನ್ ನೋಡಿ ಬರೆದುಕೊಳ್ಳುವ ಕೆಲಸ ಕೊಟ್ಟಿದ್ದೆ. ನಾಲ್ಕನೇ ಲಾರಿ ಬಂದಾಗ ಆಕೆ ನನ್ನ ಬಳಿ ಬಂದು, 'ಸರ್, ಇದು 10:40ಕ್ಕೆ ಲೋಡ್ ಆಗಿದೆ, ಈಗ 1:10' ಎಂದಳು. ಲೋಡ್ ಆದ ಎರಡು ಗಂಟೆಯೊಳಗೆ ಲಾರಿ ಖಾಲಿಯಾಗಬೇಕೆಂದು ರೆಡಿಮಿಕ್ಸಿಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 4926 ಹೇಳುತ್ತದೆ, ಬಿಗಿಯಾಗುವುದನ್ನು ತಡಮಾಡುವ ರಾಸಾಯನಿಕ ಹಾಕಿದ್ದರೆ ಇನ್ನಷ್ಟು ಅವಕಾಶವಿರುತ್ತದೆ. ಪ್ಲಾಂಟಿಗೆ ಫೋನ್ ಮಾಡಿ ಕೇಳಿದರೆ ಅಂಥದ್ದೇನೂ ಹೆಚ್ಚಿಗೆ ಹಾಕಿರಲಿಲ್ಲ. ಪಂಪಿನವನು ಪೈಪು ಕಟ್ಟಿಕೊಳ್ಳುತ್ತದೆಂದು ಕೂಗಾಡುತ್ತಿದ್ದ, ಗುತ್ತಿಗೆದಾರರ ಸೂಪರ್‌ವೈಸರ್ 'ಎರಡು ಬಕೆಟ್ ನೀರು ಬಿಟ್ಟರೆ ಆಯಿತು' ಎನ್ನುತ್ತಿದ್ದರು, ಮೇಲೆ ಮೋಡ ಬೇರೆ ಕಟ್ಟಿತ್ತು. ಹಾಗೆ ನೀರು ಬಿಟ್ಟರೆ ಕಾಂಕ್ರೀಟು ಸಲೀಸಾಗಿ ಹರಿಯುತ್ತದೆ, ಬಲ ಮಾತ್ರ ಇಳಿಯುತ್ತದೆ ಎಂಬುದು ಮೂರನೇ ಸೆಮಿಸ್ಟರಿನ ಯಾವ ವಿದ್ಯಾರ್ಥಿಗೂ ಗೊತ್ತಿರುವ ವಿಷಯ. ಆದರೆ ಸುತ್ತ ಹತ್ತು ಜನ ಅವಸರ ಮಾಡುತ್ತಿರುವಾಗ, ಅವರಲ್ಲಿ ಒಂಬತ್ತು ಜನ ತನಗಿಂತ ಹಿರಿಯರಿರುವಾಗ, ಗೊತ್ತಿರುವುದನ್ನು ಬಾಯಿಬಿಟ್ಟು ಹೇಳುವುದು ಬೇರೆಯದೇ ವಿದ್ಯೆ. ಲಾರಿಯನ್ನು ವಾಪಸು ಕಳಿಸಿದೆವು. ಮುಂದಿನ ಲಾರಿ ಬರುವವರೆಗೆ ಹಾಕಿದ ಕಾಂಕ್ರೀಟಿನ ಅಂಚನ್ನು ಎಲ್ಲಿ ನಿಲ್ಲಿಸಬೇಕು, ಅದನ್ನು ಹೇಗೆ ಕಾಪಾಡಬೇಕು ಎಂದು ಪರದಾಡಿದ ಆ ಮುಕ್ಕಾಲು ಗಂಟೆಯಲ್ಲಿ ಆಕೆ ಕಲಿತಷ್ಟನ್ನು ನಾನು ಒಂದು ವಾರ ಪಾಠ ಮಾಡಿದ್ದರೂ ಕಲಿಸಲಾಗುತ್ತಿರಲಿಲ್ಲ.

ನಮ್ಮ ಕಸುಬಿನಲ್ಲಿ ಇಂಟರ್ನ್‌ಶಿಪ್ಪಿನ ಬೆಲೆ ಇರುವುದೇ ಇಲ್ಲಿ ಎಂದು ನನಗನ್ನಿಸುತ್ತದೆ. ಸಾಫ್ಟ್‌ವೇರಿನಲ್ಲಿ ತಪ್ಪಾದರೆ ಮರುದಿನ ತಿದ್ದಿ ಹೊಸ ಆವೃತ್ತಿ ಬಿಡಬಹುದು, ಆದರೆ ಸ್ಲ್ಯಾಬ್ ಹಾಕಿದ ಮೇಲೆ ಒಳಗಿನ ಕಂಬಿಯ ಜಾಗ ಬದಲಾಯಿಸಲು ಬರುವುದಿಲ್ಲ. ಕಾಂಕ್ರೀಟಿನ ಬಲ ಪರೀಕ್ಷಿಸಲೆಂದು ಆ ದಿನ ತುಂಬಿಟ್ಟ 150 ಮಿ.ಮೀ. ಕ್ಯೂಬುಗಳು ನೀರಿನಲ್ಲಿದ್ದು 28ನೇ ದಿನ ಯಂತ್ರದ ಕೆಳಗೆ ಒಡೆಯುವ ಹೊತ್ತಿಗೆ ಆ ಸ್ಲ್ಯಾಬಿನ ಮೇಲೆ ಇನ್ನೊಂದು ಅಂತಸ್ತಿನ ಕಾಲಂಗಳು ಎದ್ದಿರುತ್ತವೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಅದೇ ಕ್ಯೂಬನ್ನು ಒಡೆದು, ಬಂದ ಅಂಕಿಯನ್ನು ರೆಕಾರ್ಡ್ ಪುಸ್ತಕಕ್ಕೆ ಏರಿಸಿ ಸಹಿ ಪಡೆದವರಿಗೆ, ಅಂಕಿ ಕಡಿಮೆ ಬಂದರೆ ಮುಂದೇನು ಎಂಬ ಪ್ರಶ್ನೆ ಎದುರಾಗುವುದೇ ಇಲ್ಲ. ಸೈಟಿನಲ್ಲಿ ಎದುರಾಗುವ ಮೊದಲ ಪ್ರಶ್ನೆಯೇ ಅದು.

ಈ ಮಾತು ಹೊಸದೇನೂ ಅಲ್ಲ. ನಮ್ಮ ದೇಶದಲ್ಲಿ ಎಂಜಿನಿಯರಿಂಗ್ ಶಿಕ್ಷಣ ಬೇರೂರಿದ್ದೇ ಒಂದು ದೊಡ್ಡ ಕಾಮಗಾರಿಯ ಪಕ್ಕದಲ್ಲಿ. 1847ರಲ್ಲಿ ಉತ್ತರ ಭಾರತದ ರೂರ್ಕಿಯಲ್ಲಿ ಕಾಲೇಜು ತೆರೆದದ್ದಕ್ಕೆ ಗಂಗಾ ಕಾಲುವೆಯ ಕೆಲಸಕ್ಕೆ ತರಬೇತಾದ ಜನ ಬೇಕಾದದ್ದೇ ಮುಖ್ಯ ಕಾರಣ. ಕಾಲುವೆ ನೀರನ್ನು ಸೋಲಾನಿ ನದಿಯ ಮೇಲಿಂದ ದಾಟಿಸುವ ಮೇಲ್ಗಾಲುವೆ ಆಗ ಅದೇ ಊರಿನಲ್ಲಿ ಕಟ್ಟಲ್ಪಡುತ್ತಿತ್ತು. ನಮ್ಮಲ್ಲೂ 1917ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾದ ಹೊತ್ತಿನಲ್ಲಿ ಕನ್ನಂಬಾಡಿ ಕಟ್ಟೆ ಇನ್ನೂ ಮೇಲೇಳುತ್ತಿತ್ತು. ಪ್ರತಿ ಸೆಪ್ಟೆಂಬರ್ 15ಕ್ಕೆ ಅವರ ಫೋಟೋಗೆ ಹಾರ ಹಾಕಿ ಭಾಷಣ ಮಾಡುವ ಕಾಲೇಜುಗಳು, ಆ ಒಂದು ದಿನವಾದರೂ ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಯಾವುದಾದರೂ ಕಾಮಗಾರಿಗೆ ಕರೆದೊಯ್ಯಬಾರದೇ ಎಂದು ನಾನು ಪ್ರತಿ ವರ್ಷ ಅಂದುಕೊಳ್ಳುತ್ತೇನೆ.

ನಿಯಮಗಳಿಗೇನೂ ಬರವಿಲ್ಲ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಾದ ಎಐಸಿಟಿಇಯ ಇಂಟರ್ನ್‌ಶಿಪ್ ನೀತಿಯು ಪದವಿಯ ಅವಧಿಯಲ್ಲಿ ಒಟ್ಟು 600ರಿಂದ 700 ಗಂಟೆಗಳ ಲೆಕ್ಕ ಕೊಡುತ್ತದೆ. ಆದರೆ ಕಡ್ಡಾಯವೆಂದ ಕೂಡಲೇ ಅದಕ್ಕೊಂದು ಪೇಟೆಯೂ ಹುಟ್ಟಿಕೊಂಡಿತು. ವಿದ್ಯಾರ್ಥಿಯೇ ಕೈಯಿಂದ ಸಾವಿರಗಟ್ಟಲೆ ಹಣ ಕಟ್ಟಿ, ಮನೆಯಲ್ಲೇ ಕೂತು ಮೊಬೈಲಿನಲ್ಲಿ ವಿಡಿಯೋ ನೋಡಿ, ನಾಲ್ಕು ವಾರದ ಸಿವಿಲ್ ಇಂಟರ್ನ್‌ಶಿಪ್ ಮುಗಿಸಿದೆನೆಂದು ಬಣ್ಣದ ಸರ್ಟಿಫಿಕೇಟ್ ಪಡೆಯುವುದನ್ನು ನಾನೇ ಕಂಡಿದ್ದೇನೆ. ವಿನ್ಯಾಸದ ತಂತ್ರಾಂಶಗಳನ್ನು ಹಾಗೆ ಕಲಿಯಬಹುದು, ಒಪ್ಪುತ್ತೇನೆ. ಹಸಿ ಕಾಂಕ್ರೀಟನ್ನು ಹಿಡಿದಿಡುವ ಸೆಂಟ್ರಿಂಗ್ ಹಲಗೆಯ ಸಂದಿಯಿಂದ ಸಿಮೆಂಟು ಹಾಲು ಸೋರುತ್ತಿರುವುದನ್ನು ಗುರುತಿಸುವುದನ್ನು ಹಾಗೆ ಕಲಿಯಲಾಗದು. ಎಂಬಿಬಿಎಸ್ ಮುಗಿಸಿದವರಿಗೆ ಒಂದು ವರ್ಷದ ಹೌಸ್ ಸರ್ಜನ್ ಕೆಲಸ ಮಾಡದೆ ಪೂರ್ಣ ನೋಂದಣಿ ಸಿಗುವುದಿಲ್ಲ. ಆ ಒಂದು ವರ್ಷವನ್ನು ವಿಡಿಯೋ ನೋಡಿ ಮುಗಿಸಿದ ವೈದ್ಯರ ಬಳಿ ನಾವು ಯಾರಾದರೂ ಹೋಗುತ್ತೇವೆಯೇ?

ತಪ್ಪು ವಿದ್ಯಾರ್ಥಿಗಳದ್ದೊಂದೇ ಎಂದು ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ, ಏಕೆಂದರೆ ಹೆಚ್ಚಿನ ತಪ್ಪು ನಮ್ಮ ಕಡೆಯದೇ. ಇಂಟರ್ನ್ ಬಂದರೆ ಕೂಲಿಯವರ ಹಾಜರಿ ಬರೆಸುವುದು, ಜೆರಾಕ್ಸ್ ಮಾಡಿಸುವುದು, ಉಳಿದ ಹೊತ್ತು ಮೂಲೆಯಲ್ಲಿ ಕುರ್ಚಿ ಹಾಕಿ ಕೂರಿಸುವುದು ಎಷ್ಟೋ ಕಡೆ ನಡೆದೇ ಇದೆ. ಅವರ ಹೊಣೆಯನ್ನು ಹೆಸರು ಹಿಡಿದು ಒಬ್ಬ ಎಂಜಿನಿಯರಿಗೆ ವಹಿಸದಿದ್ದರೆ ಎಂಟು ವಾರವೂ ಹಾಗೆಯೇ ಕಳೆದುಹೋಗುತ್ತದೆ. ಹಣದ ಮಾತೂ ಇದೆ. ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆ ಕಟ್ಟಿ, ಬಸ್ಸಿಗೆ, ಊಟಕ್ಕೆ ಕೈಯಿಂದ ಹಾಕಿಕೊಂಡು ಎರಡು ತಿಂಗಳು ಬಿಟ್ಟಿ ದುಡಿಯುವುದು ಯಾವ ಮನೆಯ ಮಕ್ಕಳಿಗೆ ಸಾಧ್ಯ? ಬೇಸಾಯದ ಮನೆಯಿಂದ ಬಂದವರು ಅನಿವಾರ್ಯವಾಗಿ ಆ ವಿಡಿಯೋದ ಸರ್ಟಿಫಿಕೇಟಿಗೇ ಶರಣಾಗುತ್ತಾರೆ, ಸೈಟಿನ ಅನುಭವ ಅನುಕೂಲಸ್ಥರ ಪಾಲಾಗುತ್ತದೆ. ಕಂಪನಿಗಳು ಕೊನೇಪಕ್ಷ ಊಟ ಮತ್ತು ಬಸ್ಸಿನ ಖರ್ಚನ್ನಾದರೂ ಕೊಡಬೇಕು. ಒಂದು ಸ್ಲ್ಯಾಬಿನ ಪಂಪಿನ ಬಾಡಿಗೆಗೆ ಹೋಲಿಸಿದರೆ ಅದು ಎಷ್ಟರ ಖರ್ಚು? ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ನಾಚಿಕೆಗೇಡಿನ ಸಂಗತಿಯಿದೆ. ದಿನವಿಡೀ ನೀರು ಕುಡಿಯದೆ ಕೆಲಸ ಮಾಡಿದೆನೆಂದು ಒಬ್ಬಾಕೆ ತನ್ನ ಕೊನೆಯ ದಿನ ಹೇಳಿದ ಮೇಲೆಯೇ, ನಮ್ಮ ಸೈಟುಗಳಲ್ಲಿ ಹೆಂಗಸರಿಗೆ ಬೇರೆ ಶೌಚಾಲಯ ಇದೆಯೇ ಎಂದು ನಾನು ನೋಡಲು ಶುರುಮಾಡಿದ್ದು. ಅಲ್ಲಿ ದುಡಿಯುವ ಗಾರೆ ಕೆಲಸದ ಹೆಂಗಸರು ಅಷ್ಟೂ ವರ್ಷ ಏನು ಮಾಡುತ್ತಿದ್ದರೆಂದು ನಾನು ಕೇಳಿರಲಿಲ್ಲ.

ಕೆಲಸ ಸಿಗುವುದರ ಬಗ್ಗೆ ಕೇಳುವವರಿಗೆ ನನ್ನ ಅನುಭವವನ್ನಷ್ಟೇ ಹೇಳಬಲ್ಲೆ. ಹೊಸಬರನ್ನು ತೆಗೆದುಕೊಳ್ಳುವಾಗ ನಾನು ಸರ್ಟಿಫಿಕೇಟ್ ನೋಡುವುದಿಲ್ಲ, ಸೈಟಿನಲ್ಲಿದ್ದಾಗ ಬರೆದ ಡೈರಿ ಇದ್ದರೆ ಕೊಡಿ ಎನ್ನುತ್ತೇನೆ. ಎಂದು ಯಾವ ಫುಟಿಂಗ್ (ಕಂಬದ ಬುನಾದಿ) ಹಾಕಿದರು, ಎಷ್ಟು ಮೂಟೆ ಸಿಮೆಂಟು ಖರ್ಚಾಯಿತು, ಡ್ರಾಯಿಂಗಿನಲ್ಲಿದ್ದುದಕ್ಕೂ ಹಾಕಿದ್ದಕ್ಕೂ ಎಲ್ಲಿ ವ್ಯತ್ಯಾಸ ಬಂತು, ಏಕೆ ಬಂತು ಎಂದು ನಾಲ್ಕು ಪುಟ ಬರೆದವರನ್ನು ಹೆಚ್ಚು ಪ್ರಶ್ನೆ ಕೇಳದೆ ತೆಗೆದುಕೊಂಡಿದ್ದೇನೆ. ಲೋಕೋಪಯೋಗಿ ಇಲಾಖೆಯ ಪರೀಕ್ಷೆ ಬರೆಯುವವರಿಗೂ ಈ ಅಭ್ಯಾಸ ದಂಡವಾಗುವುದಿಲ್ಲ. ನಾಳೆ, ಆದ ಕೆಲಸದ ಲೆಕ್ಕ ಬರೆಯುವ ಅಳತೆ ಪುಸ್ತಕಕ್ಕೆ ಸಹಿ ಹಾಕಬೇಕಾದವರು ಅವರೇ. ಇನ್ನು, ಎರಡು ತಿಂಗಳು ಸೈಟಿನಲ್ಲಿದ್ದು 'ಈ ಧೂಳು, ಈ ಕೂಗಾಟ ನನ್ನ ಕೈಲಾಗದು' ಎಂದು ತಿಳಿದುಕೊಂಡು ವಿನ್ಯಾಸದ ಕಡೆಗೋ ಬೇರೆ ಉದ್ಯೋಗಕ್ಕೋ ಹೋದವರೂ ಇದ್ದಾರೆ. ಅದನ್ನೂ ನಾನು ಲಾಭವೆಂದೇ ಎಣಿಸುತ್ತೇನೆ, ಏಕೆಂದರೆ ಸಿವಿಲ್‌ನಲ್ಲಿ ಮೊದಮೊದಲ ಸಂಬಳ ಸಾಫ್ಟ್‌ವೇರಿನಷ್ಟಿಲ್ಲದಿರುವಾಗ ಇಷ್ಟವಿಲ್ಲದೆ ಇಲ್ಲಿ ಸಿಕ್ಕಿಬೀಳುವುದು ದೊಡ್ಡ ಶಿಕ್ಷೆ.

ಪದವಿ ಮುಗಿದ ಮೇಲೂ ದಾರಿ ಮುಚ್ಚುವುದಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಕೆಲಸದಲ್ಲಿದ್ದೇ ಕಲಿಯುವವರಿಗಾಗಿ ಇರುವ 1961ರ ಅಪ್ರೆಂಟಿಸ್ ಕಾಯ್ದೆಗೆ 1973ರಲ್ಲಿ ತಿದ್ದುಪಡಿಯಾಗಿ ಎಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾದವರೂ ಅದರ ವ್ಯಾಪ್ತಿಗೆ ಬಂದರು. ಅವರಿಗೆ ಕೊಡುವ ಕನಿಷ್ಠ ಸ್ಟೈಪೆಂಡಿನ (ತರಬೇತಿ ಭತ್ಯೆಯ) ಅರ್ಧ ಭಾಗವನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ಕಾಲೇಜಿನಲ್ಲಿದ್ದಾಗ ಸೈಟು ಕಾಣದವರು ಅಪ್ರೆಂಟಿಸ್ ತರಬೇತಿಯ ಈ ಒಂದು ವರ್ಷವನ್ನಾದರೂ ಕೀಳೆಂದು ತಿಳಿಯದೆ ಬಳಸಿಕೊಳ್ಳಬಹುದು.

ಮುಂದಿನ ರಜೆಗೆ ನಮ್ಮಲ್ಲಿ ಇಬ್ಬರಿಗೆ ಜಾಗವಿದೆ. ಹೆಲ್ಮೆಟ್ಟು, ಶೂ, ಮಧ್ಯಾಹ್ನದ ಊಟ, ಬಸ್ ಪಾಸು ನಮ್ಮದು, ಬೆಳಿಗ್ಗೆ ಎಂಟಕ್ಕೆ ಸೈಟಿನಲ್ಲಿರುವುದು ನಿಮ್ಮದು. ಅರ್ಜಿಯ ಜೊತೆ ಅಂಕಪಟ್ಟಿ ಬೇಡ. ನಿಮ್ಮ ಮನೆಯ ಹತ್ತಿರ ಈಗ ನಡೆಯುತ್ತಿರುವ ಯಾವುದಾದರೂ ಕಟ್ಟಡದ ಎದುರು, ಮಾಲೀಕರನ್ನು ಕೇಳಿ, ಅರ್ಧ ಗಂಟೆ ನಿಂತು ನೋಡಿದ್ದನ್ನು ಒಂದು ಪುಟ ಬರೆದು ಇನ್‌ಬಾಕ್ಸ್‌ಗೆ ಕಳಿಸಿ.