ವೈ ಹೋಗಿ ಐ ಬಂತು

2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ನಮ್ಮ ಊರಿನ ಪಾಲಿಗೆ ಬಂದದ್ದು ಎರಡೇ ಅಕ್ಷರ: ಎರಡನೆಯ ಜಾಗದ 'ಇ' ಹೋಗಿ 'ಎ' ಬಂತು, ಕೊನೆಯ 'ವೈ' ಹೋಗಿ 'ಐ' ಬಂತು. ಕನ್ನಡದಲ್ಲಿ ಅಂದೂ ಬಳ್ಳಾರಿ, ಇಂದೂ ಬಳ್ಳಾರಿ. ಆದ್ದರಿಂದ ನಮಗೇನೂ ತಟ್ಟಲಿಲ್ಲ. ಬೋರ್ಡು ಬರೆಯುವವರಿಗೆ ನಾಲ್ಕು ಕಾಸು ಸಿಕ್ಕಿರಬಹುದು, ಬಿಸಿಲಂತೂ ಒಂದು ಡಿಗ್ರಿಯೂ ಇಳಿಯಲಿಲ್ಲ. ಕೆಲಸ ಕಳೆದುಕೊಂಡ ಆ 'ವೈ' ಎಲ್ಲಿಗೆ ಹೋಯಿತೆಂದು ಯಾರೂ ವಿಚಾರಿಸಲಿಲ್ಲ. ಅದು ಒಂದು ಕಚೇರಿಯ ಕಂಪ್ಯೂಟರಿನೊಳಗೆ ಅವಿತು ಕುಳಿತಿತ್ತು ಎಂಬುದು ನನಗೆ ಗೊತ್ತಾದದ್ದು ಹೋದ ತಿಂಗಳು.

ಯಾವ ಕಚೇರಿ ಎಂದು ಕೇಳಬೇಡಿ, ಇನ್ನೂ ನಾಲ್ಕು ಸಲ ಅಲ್ಲಿಗೇ ಹೋಗಬೇಕಾಗಿದೆ. ಅಲ್ಲಿಗೆ ಹೊಸ ಸಾಫ್ಟ್‌ವೇರ್ ಬಂದಿದೆ. ನಾವು ಸಂಖ್ಯೆ ಹೇಳಿದರೆ ಸಾಕು. ಅದು ಇನ್ನೊಂದು ಇಲಾಖೆಯ ಡೇಟಾಬೇಸಿಗೆ ಕೈ ಚಾಚಿ, ನಮ್ಮ ವಿವರಗಳಿರುವ ಸಾಲನ್ನು ಎತ್ತಿ ತಂದು, ಅರ್ಜಿಯನ್ನು ತಾನೇ ತುಂಬುತ್ತದೆ. ಗುಮಾಸ್ತರು ಸಂಖ್ಯೆ ಒತ್ತಿದರು. ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಕಿಟಕಿಯಾಚೆ ಗಾಡಿಯವನು ಒಂದು ಸುತ್ತು ಮಿರ್ಚಿ ಕರಿದು ತೆಗೆಯುವವರೆಗೂ ತಿರುಗಿ, ಕೊನೆಗೆ ನಿಂತಿತು: 'ಸಾಲುಗಳು: 0'.

"ನೀವು ಇಲ್ಲ ಸರ್," ಎಂದರು.

"ಎದುರಿಗೇ ನಿಂತಿದ್ದೇನಲ್ಲ ಸ್ವಾಮಿ."

"ನಿಂತಿದ್ದೀರಿ. ಆದರೆ ಬರುತ್ತಿಲ್ಲ."

ಸಜ್ಜನರು, ಪರದೆಯನ್ನು ನನ್ನ ಕಡೆ ತಿರುಗಿಸಿದರು. ಕೆಳಗೆ ಸಣ್ಣಕ್ಷರದಲ್ಲಿ ಇಡೀ ಕ್ವೆರಿಯೇ, ಅಂದರೆ ಡೇಟಾಬೇಸಿಗೆ ಹಾಕಿದ ಪ್ರಶ್ನೆಯೇ, ಕಾಣುತ್ತಿತ್ತು. ಮೊಬೈಲಿನಲ್ಲಿ ಚಿತ್ರ ತೆಗೆದು ಅಕ್ಕನ ಮಗನಿಗೆ ಕಳಿಸಿದೆ. ಅವನು ದಿನವಿಡೀ ಇಂಥದ್ದನ್ನೇ ಬರೆಯುವವನು. "ಮಾಮಾ, ಇದರಲ್ಲಿ ಎರಡು ಷರತ್ತುಗಳಿವೆ," ಎಂದ. ಸಂಖ್ಯೆ ಇದೇ ಆಗಿರಬೇಕು, ಜೊತೆಗೆ ಊರು 'ವೈ' ಇರುವ ಬಳ್ಳಾರಿಯೇ ಆಗಿರಬೇಕು. ನಾನು ವಿಳಾಸ ತಿದ್ದಿಸಿಕೊಂಡಾಗ ಆ ಇಲಾಖೆ ಕ್ರಮಬದ್ಧವಾಗಿ 'ಐ' ಹಾಕಿತ್ತು. ಸಂಖ್ಯೆ ಒಬ್ಬನಿಗೆ ಒಂದೇ ಇರುವಾಗ ಊರಿನ ಗೊಡವೆ ಏಕೆ ಎಂದು ಕೇಳಿದೆ. ಬರೆದವನಿಗೆ ನಮ್ಮ ಜಿಲ್ಲೆಯ ಮೇಲೆ ಅಭಿಮಾನ ಇದ್ದಿರಬೇಕು ಎಂದ.

1974ರಲ್ಲಿ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಕ್ವೆರಿ ಬರೆಯುವ ಈ ಭಾಷೆಯನ್ನು (ಇಂದಿನ ಎಸ್‌ಕ್ಯೂಎಲ್) ಮುಂದಿಟ್ಟಾಗ ಅವರಿಗೊಂದು ಆಸೆ ಇತ್ತು: ಪ್ರೋಗ್ರಾಂ ಬರೆಯಲು ಬಾರದವರೂ ತಮಗೆ ಬೇಕಾದದ್ದನ್ನು ತಾವೇ ಕೇಳಿ ಪಡೆಯಬೇಕು ಎಂದು. ಪಾಪ, ಅವರು ನಮ್ಮ ಗುಮಾಸ್ತರನ್ನು ನೋಡಿರಲಿಲ್ಲ. ಇವರಿಗೆ ಕ್ವೆರಿ ಮುಟ್ಟುವ ಅಧಿಕಾರವಿಲ್ಲ. ಆ ಇಲಾಖೆಯ ಸಾಲನ್ನು ಓದಬಹುದು, ತಿದ್ದುವಂತಿಲ್ಲ. (ಇದೊಂದು ಮಾತ್ರ ಸರಿಯಾದ ಏರ್ಪಾಟು ಎನ್ನಬೇಕು. ತಿದ್ದುವ ಅಧಿಕಾರವೂ ಇದ್ದಿದ್ದರೆ ಇಷ್ಟು ಹೊತ್ತಿಗೆ ನಾನು ಹೊಸಪೇಟೆಯವನಾಗಿರುತ್ತಿದ್ದೆ.) ಆದರೆ ನನಗೆ ಹೇಳುವ ಅಧಿಕಾರ ಅವರಿಗಿತ್ತು. "ಒಂದು ಅಫಿಡವಿಟ್ ತಂದುಬಿಡಿ ಸರ್. ಈ ಬಳ್ಳಾರಿ, ಆ ಬಳ್ಳಾರಿ ಎರಡೂ ಒಂದೇ ಎಂದು."

ಸರ್ಕಾರವೇ ಬದಲಿಸಿದ ಹೆಸರಿಗೆ ನಾನು ಪ್ರಮಾಣ ಮಾಡಿ ಹೇಳಬೇಕು! ನೋಟರಿಯವರಿಗೆ ಏನೂ ಆಶ್ಚರ್ಯವಾಗಲಿಲ್ಲ, ಟೈಪಿಸ್ಟಿಗೆ ಮಾತ್ರ ಆಯಿತು. ಅವನ ಕೈ ಎರಡು ಕಡೆಯೂ 'ಐ' ಒತ್ತಿತು. 'ಐ ಬಳ್ಳಾರಿಯೂ ಐ ಬಳ್ಳಾರಿಯೂ ಒಂದೇ' ಎಂಬ ಪರಮಸತ್ಯಕ್ಕೆ ನಾನು ಸಹಿ ಹಾಕುವವನಿದ್ದೆ. ತಿದ್ದಿಸಿ ಒಯ್ದು ಕೊಟ್ಟೆ. ಗುಮಾಸ್ತರು ಅದನ್ನು ಅರ್ಜಿಗೆ ಪಿನ್ ಹೊಡೆದು, ಮತ್ತೆ ಸಂಖ್ಯೆ ಒತ್ತಿದರು. ಚಕ್ರ ತಿರುಗಿತು. ಸಾಲುಗಳು: 0. ಪಿನ್ ಹೊಡೆದದ್ದು ಕಂಪ್ಯೂಟರಿಗೆ ತಿಳಿಯಲಿಲ್ಲವಂತೆ.

ರೈಲ್ವೆಯವರನ್ನು ನೋಡಿ. ಫಲಕದ ಮೇಲೆ ಊರಿನ ಹೆಸರು ಬದಲಾದರೂ ಟಿಕೆಟ್ ಯಂತ್ರಕ್ಕೆ ನಮ್ಮ ನಿಲ್ದಾಣ ಇವತ್ತಿಗೂ ಬಿ-ಎ-ವೈ. ಹೊಸ 'ಎ', ಹಳೆಯ 'ವೈ' ಒಂದೇ ಬೋಗಿಯಲ್ಲಿ ಜಗಳವಿಲ್ಲದೆ ಹೋಗುತ್ತಿವೆ. ನಮ್ಮ ವಾಹನಗಳ ಕೆಎ-34 ಬದಲಾಗಲಿಲ್ಲ; ಹೊಸಪೇಟೆ 2021ರಲ್ಲಿ ಬೇರೆ ಜಿಲ್ಲೆಗೆ ಹೋದರೂ ಅದರ ಕೆಎ-35 ಹಾಗೇ ಉಳಿಯಿತು. ಹೆಸರು ಜನರಿಗೆ, ಸಂಕೇತ ಯಂತ್ರಕ್ಕೆ. ಯಂತ್ರವನ್ನು ಹೆಸರು ಹಿಡಿದು ಕೂಗಿದರೆ ಅದು ಪ್ರತಿಯೊಂದು ಅಕ್ಷರವನ್ನೂ ತೂಗಿ ನೋಡಿಯೇ ಓಗೊಡುತ್ತದೆ.

ಮೂರನೆಯ ಸಲ ಹೋದಾಗ ಬೆಂಗಳೂರಿನಿಂದ ತಂತ್ರಜ್ಞರು ಬಂದುಹೋಗಿದ್ದರು. ಈ ಸಲ ನನ್ನ ಸಾಲು ಬಂತು! ಹೆಸರು ಸರಿಯಾಗಿತ್ತು. ತಂದೆಯ ಹೆಸರು: ಗಂಡು. ಊರು: ನಮ್ಮ ಅಪ್ಪ. ಪಿನ್‌ಕೋಡ್: ಬಳ್ಳಾರಿ. ಆ ಇಲಾಖೆಯವರು ನಡುವೆ ಲಿಂಗದ ಕಾಲಂ ಒಂದನ್ನು ಸೇರಿಸಿದ್ದರಂತೆ. ಇವರು ಕಾಲಂಗಳ ಹೆಸರು ಹೇಳಿ ಕೇಳದೆ, ನಕ್ಷತ್ರ ಹಾಕಿ 'ಇದ್ದದ್ದೆಲ್ಲ ಕೊಡು' ಎಂದು ಕೇಳಿ, ಬಂದದ್ದನ್ನು ಬಂದ ಕ್ರಮದಲ್ಲೇ ತುಂಬುತ್ತಿದ್ದರು. ಗುಮಾಸ್ತರು ಪೆನ್ನಿನಿಂದ ಹೊಡೆದು ಹಾಕಿ ಮೇಲೆ ಸರಿಯಾಗಿ ಬರೆದರು. ಮೊದಲೂ ಹೀಗೆಯೇ ಅಲ್ಲವೇ ಬರೆಯುತ್ತಿದ್ದದ್ದು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ನಿನ್ನೆ ಸಂಜೆ ಪಕ್ಕದ ಮನೆಯ ಹಿರಿಯರು ಬಾಗಿಲಿಗೆ ಬಂದರು. ಅವರ ಸಾಲು 2014ಕ್ಕೂ ಹಿಂದಿನದು, 'ವೈ' ಇರುವಂಥದ್ದು. ಹೋದ ತಿಂಗಳವರೆಗೆ ಚೆನ್ನಾಗಿಯೇ ಬರುತ್ತಿತ್ತು. ತಂತ್ರಜ್ಞರು ಎರಡೂ ಹೆಸರನ್ನು ಸೇರಿಸುವ ಬದಲು ಹಳೆಯದನ್ನು ಅಳಿಸಿ ಹೊಸದನ್ನು ಬರೆದು ಹೋಗಿದ್ದಾರೆ, ಈಗ ಇವರು ಇಲ್ಲ. ನನ್ನ ಅಫಿಡವಿಟ್‌ನ ನಕಲನ್ನೇ ಕೊಟ್ಟು ಕಳಿಸಿದೆ. ಇವತ್ತು ಮಧ್ಯಾಹ್ನ ಬೆವರು ಒರೆಸಿಕೊಳ್ಳುತ್ತಾ ಹಿಂದಿರುಗಿಸಿದರು. ಅದು ನಡೆಯುವುದಿಲ್ಲವಂತೆ. ಅದರಲ್ಲಿ ಮೊದಲು 'ಐ' ಇದೆ, ಆಮೇಲೆ 'ವೈ'. ಅವರಿಗೆ ಬೇಕಾದದ್ದು ಮೊದಲು 'ವೈ', ಆಮೇಲೆ 'ಐ'.