ಗಾಮಾ ಕಿರಣದಿಂದ ಶುದ್ಧೀಕರಿಸಿದ ಕೃತಕ ಕೀಲು ವಿಕಿರಣ ಸೂಸುವುದಿಲ್ಲ: ಒಂದು ಸ್ಪಷ್ಟನೆ
ಗಾಮಾ ಕಿರಣಗಳಿಂದ ಕ್ರಿಮಿಶುದ್ಧಿ ಮಾಡಿದ ಕೃತಕ ಕೀಲುಗಳ ಲೇಪನವು ದೇಹದೊಳಗೆ ವಿಕಿರಣ ಸೂಸುತ್ತಲೇ ಇರುತ್ತದೆ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸುಳ್ಳು; ಇದನ್ನು ನಂಬಿ ಯಾರಾದರೂ ಶಸ್ತ್ರಚಿಕಿತ್ಸೆ ಮುಂದೂಡಿಯಾರು ಎಂಬುದೇ ನನ್ನ ಆತಂಕ. ಈ ಶುದ್ಧೀಕರಣಕ್ಕೆ ಬಳಸುವ ವಿಕಿರಣಶೀಲ ಲೋಹ ಕೋಬಾಲ್ಟ್-60 ಹೊಮ್ಮಿಸುವ 1.17 ಮತ್ತು 1.33 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಕಿರಣಗಳು ಸೂಕ್ಷ್ಮಾಣುಗಳ ಡಿಎನ್‌ಎಯನ್ನು ಛಿದ್ರಗೊಳಿಸಬಲ್ಲವೇ ಹೊರತು, ಟೈಟಾನಿಯಂ ಲೋಹವನ್ನಾಗಲಿ ಅದರ ಮೇಲಿನ, ಮೂಳೆಯ ಖನಿಜವನ್ನು ಹೋಲುವ ಹೈಡ್ರಾಕ್ಸಿಅಪಟೈಟ್ ಲೇಪನವನ್ನಾಗಲಿ ವಿಕಿರಣಶೀಲವಾಗಿಸಲಾರವು.

ಹಾಗೆಂದು ವಿಕಿರಣದಿಂದ ಏನೂ ಆಗದು ಎನ್ನುವುದೂ ಸರಿಯಲ್ಲ. ರೂಢಿಯ 25 ಕಿಲೋಗ್ರೇ (ವಸ್ತು ಹೀರಿಕೊಂಡ ವಿಕಿರಣದ ಅಳತೆ) ಪ್ರಮಾಣದಲ್ಲೇ ಪಾಲಿಲ್ಯಾಕ್ಟಿಕ್ ಆಮ್ಲದಂಥ ಪಾಲಿಮರ್ ಲೇಪನಗಳ ಅಣುಸರಪಳಿಗಳು ತುಂಡಾಗಿ, ಲೇಪನ ಬೇಗ ಕರಗಬಹುದು. ಕೀಲಿನ ಪಾಲಿಎಥಿಲೀನ್ ಪ್ಲಾಸ್ಟಿಕ್ ಭಾಗವನ್ನು ಗಾಳಿಯಲ್ಲಿಟ್ಟು ಕಿರಣಕ್ಕೊಡ್ಡಿದರೆ, ಅದರಲ್ಲಿ ಉಳಿಯುವ, ಸುಲಭವಾಗಿ ವರ್ತಿಸುವ ಅಸ್ಥಿರ ಅಣುತುಣುಕುಗಳಾದ ಮುಕ್ತ ರಾಡಿಕಲ್‌ಗಳು ಆಮ್ಲಜನಕದೊಂದಿಗೆ ವರ್ತಿಸಿ ವರ್ಷಗಳ ನಂತರ ಅದನ್ನು ಪೆಡಸಾಗಿಸುತ್ತವೆ. 1990ರ ದಶಕದಲ್ಲಿ ತಯಾರಕರು ಜಡ ಅನಿಲ ತುಂಬಿದ ಪೊಟ್ಟಣಗಳತ್ತ ಹೊರಳಿದ್ದು ಈ ಕಾರಣಕ್ಕೇ.